ಉಂಡ ಮನೆಯ ಆಂಪ್ಲಿಫೈಯರ್

ನನ್ನ ಅಕ್ಕನ ಮಗ ಮಾಂತು ಯಾರ ಮನೆಯಲ್ಲಿ ಉಂಡರೂ ಆ ಮನೆಯ ಬಗ್ಗೆ ಒಂದು ಕೆಟ್ಟ ಮಾತೂ ಆಡುವವನಲ್ಲ. ಉಂಡ ಮನೆಯ ಜಂತಿ ಎಣಿಸಬಾರದು ಎಂದು ನಮ್ಮ ಅಕ್ಕ ಶಿವಬಸವ್ವ ಅವನಿಗೆ ಸಣ್ಣಂದಿನಲ್ಲೇ ಕಲಿಸಿದ್ದಳು. ಬೇರೆಯವರ ಮಕ್ಕಳೂ ಈ ಮಾತು ಕೇಳಿರುತ್ತಾರೆ, ಕೇಳಿ ಮರೆತಿರುತ್ತಾರೆ. ಮಾಂತು ಮರೆಯಲಿಲ್ಲ. ಹಾಗಾಗಿ ಅವನ ಮನೆಯಲ್ಲಿ ನಾಲ್ಕು ವರ್ಷ ಒಂದು ಕೆಟ್ಟ ಆಂಪ್ಲಿಫೈಯರ್ ಇತ್ತು.

ಅವನಿಗೆ ಈಗ ನಲವತ್ತೊಂಬತ್ತು. ಪುಣೆಯ ಒಂದು ಪಾರ್ಸಲ್ ಕಚೇರಿಯಲ್ಲಿ ಬುಕಿಂಗ್ ಕ್ಲಾರ್ಕ್. ಹಗಲೆಲ್ಲ ಪೆಟ್ಟಿಗೆಗಳ ಮೇಲೆ ಊರಿನ ಹೆಸರು ಬರೆಯುತ್ತಾನೆ, ಸಂಜೆ ಸದಾಶಿವ ಪೇಠದ ಮನೆಗೆ ಬಂದು ಎಲೆಕ್ಟ್ರಿಕ್ ಗಿಟಾರ್ ಹಿಡಿದು ರಾಕ್ ಮತ್ತು ಮೆಟಲ್ ಬಾರಿಸುತ್ತಾನೆ. ನಮ್ಮ ಧಾರವಾಡದ ಕಡೆಯವರಿಗೆ ಸಂಗೀತ ಅಂದರೆ ತಂಬೂರಿ. ಇವನದು ಯಾಕೆ ಹೀಗಾಯಿತು ಎಂದು ನಾನು ಕೇಳಲು ಹೋಗಿಲ್ಲ. ನಾನು ಮೂವತ್ತೊಂದು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವ. ನನಗೆ ರಾಗ ತಿಳಿಯುವುದಿಲ್ಲ, ಎಣಿಸಲು ಬರುತ್ತದೆ.

ಆ ಆಂಪ್ಲಿಫೈಯರ್ ಬಂದದ್ದು ಕೋಥರೂಡಿನ ಕಮಲಮ್ಮನವರ ಮನೆಯಿಂದ. ಮಗ ಬಿಟ್ಟು ಹೋದದ್ದನ್ನು ಅವರು ಮಾರಲು ಇಟ್ಟಿದ್ದರು. ಮಾಂತು ನೋಡಲು ಹೋದ. ಅವರು ಶೇಂಗಾ ಹೋಳಿಗೆ ಬಡಿಸಿದರು, ಮೇಲೆ ತುಪ್ಪ ಹಾಕಿದರು. ಮೂರು ಹೋಳಿಗೆ ತಿಂದ ಮೇಲೆ ಅವನು ತಂತಿ ಮೀಟಿ ನೋಡಿದ. ಡಬ್ಬಿ ಗೊರಗೊರ ಎಂದಿತು. ಚಲೋ ಅದ್ರಿ ಎಂದು ಹೇಳಿ ರಿಕ್ಷಾದಲ್ಲಿ ಹಾಕಿಕೊಂಡು ಬಂದ. ಅಂದಿನಿಂದ ಮೆಲ್ಲಗಿನ ಹಾಡಿಗೂ ಅದು ಗೊರಗೊರ, ಜೋರಿನ ಹಾಡಿಗೂ ಗೊರಗೊರ.

ಅವನ ಬ್ಯಾಂಡಿನಲ್ಲಿ ಇನ್ನಿಬ್ಬರು. ಹಾಡುತ್ತ ಬೇಸ್ ಗಿಟಾರ್ ಬಾರಿಸುವ ಬೆಂಗಳೂರಿನ ವಿಕ್ರಮ, ಡ್ರಮ್ ಬಾರಿಸುವ ಇಲ್ಲಿಯವನೇ ಆದ ಸ್ವಪ್ನಿಲ್. ಇಬ್ಬರೂ ಹಿಂಜವಾಡಿಯಲ್ಲಿ ಕೆಲಸಕ್ಕಿದ್ದಾರೆ. ಪ್ರತಿ ಭಾನುವಾರ ಹನ್ನೊಂದಕ್ಕೆ ಮಾಂತುವಿನ ಮಾಳಿಗೆ ಕೋಣೆಗೆ ಬರುತ್ತಾರೆ, ಒಂದು ಗಂಟೆಗೆ ನಿಲ್ಲಿಸುತ್ತಾರೆ. ಒಂದರಿಂದ ನಾಲ್ಕರವರೆಗೆ ಸದಾಶಿವ ಪೇಠ ಮಲಗುತ್ತದೆ, ಅದನ್ನು ಎಬ್ಬಿಸಿದವನು ಇಲ್ಲಿ ಬಾಳುವುದಿಲ್ಲ. ಬಾರಿಸಿದ ಮೇಲೆ ಮಾಂತುವಿನ ಹೆಂಡತಿ ರೇಣು ಅಲ್ಲೇ ಎಲ್ಲರಿಗೂ ರೊಟ್ಟಿ ಬಡಿಸುತ್ತಾಳೆ.

ಕಳೆದ ಜೂನಿನಲ್ಲಿ ಅವರಿಗೆ ಲೋಣಾವಳಾದ ಒಂದು ಹೋಟೆಲಿನಲ್ಲಿ ಕಾರ್ಯಕ್ರಮ ಸಿಕ್ಕಿತು. ಏಳು ಹಾಡು. ಆ ವಾರ ಮಾಂತುವಿಗೆ ವಿಕ್ರಮನ ಫೋನು ಬಂತು.

"ಅಂಕಲ್, ಏಳು ಹಾಡಿಗೂ ನಿಮ್ಮದು ಒಂದೇ ಸೌಂಡ್ ಬರ್ತಿದೆ. ಶೋಗೆ ಮುಂಚೆ ಸೆಟಪ್ ಚೇಂಜ್ ಮಾಡ್ಲೇಬೇಕು. ಇಲ್ಲಾಂದ್ರೆ ನಾವು ಬೇರೆ ಗಿಟಾರಿಸ್ಟ್ ನೋಡ್ಕೋತೀವಿ. ಬೇಜಾರ್ ಮಾಡ್ಕೋಬೇಡಿ."

ಇದನ್ನು ಅವನು ಫೋನಿನಲ್ಲಿ ಹೇಳದೆ ಗತಿಯಿರಲಿಲ್ಲ. ಭಾನುವಾರ ರೇಣುವಿನ ರೊಟ್ಟಿ ತಿಂದು ಎದುರಿಗೆ ಹೇಳುವುದು ಅವನಿಂದಲೂ ಆಗದ ಮಾತು.

ಮಾಂತು ಪಕ್ಕದ ಓಣಿಯ ನನ್ನ ಮನೆಗೆ ಬಂದ. "ಬ್ಯಾಂಡ್ ಹೋತಂದ್ರ ನನಗ ಐತವಾರ ಅನ್ನೂದು ಇರಂಗಿಲ್ಲರಿ ಮಾಮಾ," ಎಂದ. ನನಗೆ ಕೆಟ್ಟನಿಸಿತು. ವಾರಕ್ಕೆ ಆರು ದಿನ ಬೇರೆಯವರ ಪೆಟ್ಟಿಗೆಯ ಮೇಲೆ ಬೇರೆ ಊರಿನ ಹೆಸರು ಬರೆಯುವವನಿಗೆ ಏಳನೇ ದಿನವಾದರೂ ತನ್ನದು ಇರಬೇಕು.

ಹೊಸ ಸೆಟಪ್ ಹುಡುಕಲು ರೇಣು ನನ್ನನ್ನು ಕಾವಲಿಗೆ ಕಳಿಸಿದಳು. "ಮಾಮಾ, ನೀವು ಜೋಡಿ ಹೋಗ್ರಿ. ಬಾರಿಸಿ ನೋಡೂಮಟ ಇವರ ಬಾಯಾಗ ಒಂದು ಕಾಳೂ ಹೋಗಬಾರದು."

ಮೊದಲು ಹೋದದ್ದು ಹಿಂಜವಾಡಿಯ ಒಂದು ಫ್ಲ್ಯಾಟಿಗೆ. ಬೆಳಗಾವಿಯ ನೀಲಿಮಾ ಎಂಬಾಕೆ ತಮ್ಮ ಡಿಜಿಟಲ್ ಆಂಪ್ಲಿಫೈಯರ್ ಮಾರುತ್ತಿದ್ದರು. ಅದರ ಹೊಟ್ಟೆಯಲ್ಲಿ ನೂರು ಬಗೆಯ ದನಿ ಇವೆಯಂತೆ, ಗುಂಡಿ ತಿರುವಿದರೆ ಸಾಕಂತೆ. ನಾವು ಬಾಗಿಲು ದಾಟುವ ಮೊದಲೇ ಒಗ್ಗರಣೆಯ ವಾಸನೆ ಬಂತು. ನಾನು ಮಾಂತುವಿನ ತೋಳು ಹಿಡಿದೆ.

"ಮೊದಲ ಎರಡು ತುತ್ತು ಉಪ್ಪಿಟ್ಟು ತಿನ್ರಿ, ಆಮ್ಯಾಲ ಬಾರಿಸೀರಂತ," ಎಂದರು ನೀಲಿಮಾ.

"ನಮ್ಮದು ಇವತ್ತು ಉಪವಾಸರಿ," ಎಂದೆ.

"ಹಂಗಾರ ಸಾಬೂದಾಣಿ ಮಾಡ್ತೀನಿ. ಕೂಡ್ರಿ."

ಬಾರಿಸುವ ಮೊದಲು ತಿನ್ನಲೇಬೇಕು ಎಂದು ಆಕೆ, ತಿನ್ನುವ ಮೊದಲು ಬಾರಿಸಲೇಬೇಕು ಎಂದು ನಾನು. ಮಾಂತು ನಡುವೆ ನಿಂತು ಉಪ್ಪಿಟ್ಟು ನೋಡುತ್ತಿದ್ದ. ಕೊನೆಗೆ ತಲೆ ತಿರುಗಿದವನಂತೆ ಮಾಡಿ ಅವನನ್ನು ಹೊರಗೆ ಎಳೆದುಕೊಂಡು ಬಂದೆ. ಆ ನೂರು ದನಿಯಲ್ಲಿ ಒಂದನ್ನೂ ನಾವು ಕೇಳಲಿಲ್ಲ. ವಾಪಸು ಬರುವಾಗ ಟ್ರಾಫಿಕ್ಕಿನಲ್ಲಿ ಎರಡು ತಾಸು ಕೂತೆವು, ಇಬ್ಬರಿಗೂ ಹಸಿವು.

ಎರಡನೆಯದು ಮನೆಯ ಹತ್ತಿರವೇ ಇತ್ತು. ಒಂದು ಹಳೇ ವಾಡೆಯ ನೆಲಮನೆಯಲ್ಲಿ ಆಪ್ಟೆ ಎಂಬವರು ಹಳೇ ವಾದ್ಯಗಳನ್ನು ರಿಪೇರಿ ಮಾಡಿ ಮಾರುತ್ತಾರೆ. ಬಾಗಿಲಿಗೆ ಏನೇನು ಮಾಡಬಾರದು ಎಂಬ ಆರು ಸೂಚನೆ ಬರೆದು ಅಂಟಿಸಿದ್ದಾರೆ. ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಚಹಾ ಘೇವೂನಚ್ ಆಲಾ ಅಸಾಲ," ಎಂದರು. ಚಹಾ ಕುಡಿದೇ ಬಂದಿರುತ್ತೀರಿ ಅಂತ. ಪುಣೆಗೆ ಬಂದು ಇಷ್ಟು ವರ್ಷವಾದ ಮೇಲೆ ಆ ಮಾತು ಕೇಳಿ ನಾನು ಮೊದಲ ಸಲ ಸಂತೋಷಪಟ್ಟೆ. ಅವರು ನೀರು ಸಹ ಕೊಡಲಿಲ್ಲ. ಮಾಂತು ಎರಡು ತಾಸು ನಿರಾತಂಕವಾಗಿ ಪರೀಕ್ಷೆ ಮಾಡಿದ, ಎಂಟು ಆಂಪ್ಲಿಫೈಯರುಗಳಲ್ಲಿ ಒಂದೊಂದಾಗಿ ತಪ್ಪು ಹುಡುಕಿದ. ಅವನ ಬಾಯಲ್ಲಿ 'ಇದು ಸರಿ ಇಲ್ಲ' ಎಂಬ ಮಾತನ್ನು ನಾನು ಅಲ್ಲಿಯೇ ಮೊದಲು ಕೇಳಿದ್ದು.

ಆಪ್ಟೆಯವರು ಮರಾಠಿಯಲ್ಲಿ ತಮ್ಮ ಅಭಿಪ್ರಾಯ ಹೇಳಿದರು. ನೂರು ದನಿ ಬೇಕಾಗಿಲ್ಲ, ರಾಕ್ ಮತ್ತು ಮೆಟಲ್ ಬಾರಿಸುವವನಿಗೆ ಮೂರು ಸಾಕು. ಒಂದು ಸ್ವಚ್ಛ ದನಿ, ಒಂದು ಸ್ವಲ್ಪ ಸಿಟ್ಟಿನದು, ಒಂದು ಪೂರಾ ಸಿಟ್ಟಿನದು. ಅವರು ಒಳಗಿಂದ ಹಳೇ ರೇಡಿಯೋದಂತೆ ಗಾಜಿನ ವಾಲ್ವ್ ಇರುವ ಒಂದು ಸಣ್ಣ ಆಂಪ್ಲಿಫೈಯರ್ ತಂದರು. ಅದರಲ್ಲಿ ಎರಡು ಚಾನೆಲ್, ಮುಂದೆ ಹನ್ನೆರಡು ಇಂಚಿನ ಒಂದು ಸ್ಪೀಕರ್. ಮೊದಲ ಚಾನೆಲ್ಲಿನಲ್ಲಿ ಸ್ವಚ್ಛ ದನಿ, ಎರಡನೆಯದರಲ್ಲಿ ಸ್ವಲ್ಪ ಸಿಟ್ಟು. ಕಾಲಿನಿಂದ ಒತ್ತುವ ಒಂದು ಪೆಡಲ್ ಜೋಡಿಸಿದರೆ ಪೂರಾ ಸಿಟ್ಟು. ಮಾಂತು ಮೂರೂ ಬಾರಿಸಿದ. ತಪ್ಪು ಸಿಗಲಿಲ್ಲ.

"ಒಂದು ಮಾತು ತಿಳಿದಿರಲಿ," ಎಂದರು ಆಪ್ಟೆ, "ಇದು ಏನನ್ನೂ ಮುಚ್ಚಿಡುವುದಿಲ್ಲ." ಹೊಗಳಿಕೆ ಎಂದುಕೊಂಡು ನಾವು ತಲೆಯಾಡಿಸಿ, ಅದನ್ನೂ ಪೆಡಲನ್ನೂ ಕೊಂಡು ತಂದೆವು.

ಮುಂದಿನ ಭಾನುವಾರ ಏಳೂ ಹಾಡು ಬಾರಿಸಿದರು. ದನಿ ಬಿಡಿಬಿಡಿಯಾಗಿ ಕೇಳಿತು, ಮೆಲ್ಲಗಿನದು ಮೆಲ್ಲಗೆ, ಜೋರಿನದು ಜೋರಾಗಿ. ಮಾಂತುವಿನ ತಪ್ಪುಗಳೂ ಅಷ್ಟೇ ಬಿಡಿಯಾಗಿ ಕೇಳಿದವು. ನಾಲ್ಕು ವರ್ಷ ಅವೆಲ್ಲ ಹಳೇ ಡಬ್ಬಿಯ ಗೊರಗೊರದ ಒಳಗೆ ಬೆಚ್ಚಗೆ ಕೂತಿದ್ದವು. ವಿಕ್ರಮ ನೆಲ ನೋಡಿದ. ಸ್ವಪ್ನಿಲ್ ಡ್ರಮ್ಮಿನ ತಿರುಪು ಬಿಗಿ ಮಾಡಿದ, ಅದು ಬಿಗಿಯಾಗಿಯೇ ಇತ್ತು.

ಊಟಕ್ಕೆ ಕೂತರು. ಮಾಂತು ತಿನ್ನಲಿಲ್ಲ. ನಾನು ಬಡಿಸಲು ರೇಣುವಿನ ಜೊತೆ ನಿಂತಿದ್ದೆ. ವಿಕ್ರಮ ಮೂರು ರೊಟ್ಟಿ ತಿಂದು ಕೈ ತೊಳೆದ.

"ಸೌಂಡ್ ಸೂಪರ್ ಅಂಕಲ್. ಲೋಣಾವಳಾ ವಿಷಯ ನಾನು ಮೆಸೇಜ್ ಮಾಡ್ತೀನಿ," ಎಂದ.

ಆ ಮಾತು ನನಗೆ ಗೊತ್ತು. ಹೆಣ್ಣು ನೋಡಲು ಹೋದವರು ಅವಲಕ್ಕಿ ತಿಂದು, ಊರಿಗೆ ಹೋಗಿ ತಿಳಿಸ್ತೀವಿ ಅನ್ನುತ್ತಾರೆ. ಅವರು ಯಾವತ್ತೂ ತಿಳಿಸುವುದಿಲ್ಲ. ಮಾಂತುವಿಗೂ ಗೊತ್ತಾಯಿತು. ಹುಡುಗರು ಬೂಟು ಹಾಕಿಕೊಳ್ಳಲು ಬಾಗಿಲಿಗೆ ಹೋದರು. ಅವನು ನನ್ನ ಕಡೆ ತಿರುಗಿದ.

"ಮಾಮಾ, ಖರೇ ಹೇಳ್ರಿ. ಹೆಂಗಾತು?"

ಆಗಷ್ಟೇ ರೇಣು ನನ್ನ ತಾಟು ಮುಂದಿಟ್ಟಿದ್ದಳು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಹತ್ತೊಂಬತ್ತು ವರ್ಷದಿಂದ ಈ ಮನೆಯಲ್ಲಿ ಉಣ್ಣುತ್ತಿದ್ದೇನೆ, ನ್ಯಾಯವಾಗಿ ನೋಡಿದರೆ ಬಾಯಿ ತೆರೆಯುವ ಹಕ್ಕು ನನಗೆ ಎಂದೋ ಹೋಗಿದೆ. ಆದರೆ ಅವತ್ತಿನ ರೊಟ್ಟಿಯನ್ನು ನಾನಿನ್ನೂ ಮುರಿದಿರಲಿಲ್ಲ. ಅಷ್ಟು ಸಾಕು ಎಂದುಕೊಂಡೆ. ತಾಟು ಸರಿಸಿದೆ.

"ಐದು ಹಾಡು ಆಗ್ತಾವು. ಆರನೇದು, ಏಳನೇದು ನಿನ್ನ ಕೈಲೆ ಆಗೂದಿಲ್ಲ, ಬಿಟ್ಟಬಿಡು. ಮೊದಲನೇದರಾಗ ನಡುವ ಜೋರ್ ಬರ್ತದಲ್ಲ, ಅಲ್ಲೆ ತಾಳದ ನಾಲ್ಕನೇ ಪೆಟ್ಟಿನಾಗ ತಡಾ ಮಾಡ್ತಿ. ಹದಿನಾರು ಸಲದಾಗ ಹದಿನಾಲ್ಕು ಸಲ. ಎಣಿಸೀನಿ."

ರೇಣುವಿನ ಕೈಯ ಸೌಟು ಅಲ್ಲೇ ನಿಂತಿತು. ಅವನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಮಾಂತು ಎದ್ದ.

"ನಾಲ್ಕನೇ ಪೆಟ್ಟಿನಾಗೇನ್ರಿ?" ಎಂದ.

ಸ್ವಚ್ಛ ದನಿಯ ಚಾನೆಲ್ಲಿಗೆ ಹಾಕಿ, ಪೇಠ ಮಲಗಿದ್ದರಿಂದ ವಾಲ್ಯೂಮ್ ಕೋಣೆಯ ಆಚೆ ಕೇಳದಷ್ಟು ಇಳಿಸಿ ಬಾರಿಸಲು ಶುರು ಮಾಡಿದ. ನಾನು ಬೆರಳಿನಿಂದ ತಾಟಿನ ಅಂಚಿಗೆ ಪೆಟ್ಟು ಹಾಕಿದೆ. ಒಂದು, ಎರಡು, ಮೂರು, ನಾಲ್ಕು. ಸ್ವಲ್ಪ ಹೊತ್ತಿಗೆ ವಿಕ್ರಮ ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಬರೀ ಸಾಕ್ಸ್ ಹಾಕಿಕೊಂಡು ಒಳಗೆ ಬಂದ.

"ಇನ್ನೂ ಸ್ಲೋ ಮಾಡಿ ಅಂಕಲ್. ಇದನ್ನ ನಾನೇ ಹೇಳ್ಬೇಕಿತ್ತು," ಎಂದು ಕೂತ. "ಐದು ಹಾಡು ಹಿಡ್ಕೊಳ್ಳಿ. ಲೋಣಾವಳಾಕ್ಕೆ ಐದೇ ಸಾಕು."

ನಾಲ್ಕು ಗಂಟೆಗೆ ಹುಡುಗರು ಹೋದರು. ನಾನು ಉಣ್ಣಲು ಕೂತೆ. ರೊಟ್ಟಿ ಖಡಕ್ ಆಗಿತ್ತು. ಮಾಂತು ಅದೇ ಭಾಗವನ್ನು ಮತ್ತೊಮ್ಮೆ ಬಾರಿಸಿ, "ಈಗರಿ?" ಎಂದ. ಎಣಿಸಿದ್ದೆ. ಹದಿನಾಲ್ಕು ಸರಿ, ಎರಡು ತಡ. ನನ್ನ ಬಾಯಲ್ಲಿ ರೊಟ್ಟಿ ಇತ್ತು.

"ಪೂರಾ ಸರಿ ಅದ," ಎಂದೆ.

ಮಾಂತು ನನ್ನ ತಾಟು ನೋಡಿದ.

"ನಾಳೆ ಉಣ್ಣೂಕಿಂತ ಮೊದಲ ಬರ್ರಿ ಮಾಮಾ," ಎಂದ.