ಕಾಕಾರ ಮೂಗು

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ರೋಗ ಹಿಡಿಯುವುದನ್ನು ನನಗೆ ಕಲಿಸಿದವರು ತಮ್ಮ ಮೂಗನ್ನು ನಂಬಿ ಬದುಕಿದವರು. ಮಿರಜದಿಂದ ಸಾಂಗಲಿಗೆ ಹೋಗುವ ರಸ್ತೆಯಲ್ಲಿ ಅವರ ಗ್ಯಾರೇಜು. ಸಂಬಂಧವಿಲ್ಲದಿದ್ದರೂ ಎಲ್ಲರಿಗೂ ಅವರು ಕಾಕಾ. ಗಾಡಿ ಬಂದರೆ ಎಂಜಿನ್ ಚಾಲೂ ಇಟ್ಟು, ಗೇರ್‌ಬಾಕ್ಸಿನ ಎಣ್ಣೆ ಅಳೆಯುವ ಕಡ್ಡಿ ಎಳೆದು, ಬಿಳಿ ಕಾಗದಕ್ಕೆ ಒರೆಸಿ ಮೂಸುತ್ತಿದ್ದರು. ಸುಟ್ಟ ವಾಸನೆ ಬಂದರೆ ಒಳಗಿನ ಕ್ಲಚ್ ಪ್ಲೇಟು ಹೋಗಿವೆ, ಗೇರ್‌ಬಾಕ್ಸ್ ಇಳಿಸಬೇಕು. ಬರದಿದ್ದರೆ ದೋಷ ಹೊರಗೆಲ್ಲೋ ಇದೆ, ಇಳಿಸಬಾರದು. ನಾನು ಕಂಡಂತೆ ಆ ಮೂಗು ತಪ್ಪಿರಲಿಲ್ಲ.

ಗ್ಯಾರೇಜಿನಲ್ಲಿ ಅವರದೇ ಒಂದು ಕಾಯಿದೆ ಇತ್ತು. ಯಾರ ಮಾತು ಕೇಳಿ ಗೇರ್‌ಬಾಕ್ಸ್ ಸುಮ್ಮಸುಮ್ಮನೆ ಇಳಿಸಿದ್ದೋ, ಅವರೇ ಅದನ್ನು ಒಬ್ಬರೇ ಮತ್ತೆ ಏರಿಸಬೇಕು. ಬೇರೆಯವರು ಬೋಲ್ಟು ತಿರುಗಿಸುವ ಒಂದು ಪಾನಾ ಕೂಡ ಎತ್ತಿ ಕೊಡುವಂತಿಲ್ಲ. ಒಮ್ಮೆ ನಾನು ತಪ್ಪಿದೆ. ಮರುದಿನ ನನ್ನ ಅಕ್ಕನ ಮದುವೆ. ಕೈಮುಗಿದು ಕೇಳಿಕೊಂಡೆ.

"ಮದುವಿ ಆಕೀದು, ತಪ್ಪು ನಿಂದು," ಅಂದರು.

ಅಕ್ಕನ ತಲೆಯ ಮೇಲೆ ಅಕ್ಷತೆ ಬೀಳುವ ಹೊತ್ತಿಗೆ ನಾನು ಗಾಡಿಯ ಕೆಳಗೆ ಮಲಗಿದ್ದೆ. ಕಾಕಾ ಮದುವೆಗೆ ಹೋಗಿ ಉಂಡು ಬಂದು, ಹೋಳಿಗೆ ಚಲೋ ಆಗಿತ್ತು ಎಂದು ನನಗೇ ಹೇಳಿದರು. ಅದನ್ನು ನಾನು ಮರೆಯಲಿಲ್ಲ.

ಈಚೆಗೆ ಒಂದು ಜ್ವರ ಬಂದು ಹೋದ ಮೇಲೆ ಅವರಿಗೆ ವಾಸನೆ ತಿಳಿಯದಾಯಿತು. ಅವರು ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಕಾದ ಸೈಲೆನ್ಸರಿಗೆ ತಾಗಿದ ಎಣ್ಣೆಬಟ್ಟೆಯೊಂದು ಅವರ ಬೆನ್ನ ಹಿಂದೆಯೇ ಕಮರುತ್ತಿತ್ತು. ನಾವು ಆಚೆ ಮೂಲೆಯಿಂದ ಓಡಿಬಂದೆವು. ಅವರು ಚಹಾ ಕುಡಿಯುತ್ತ ಕೂತಿದ್ದರು. ಆಮೇಲೆ ಗಮನಿಸಿದೆ. ಕಾಗದವನ್ನು ಮೂಗಿಗೆ ಹಿಡಿಯುತ್ತಿದ್ದರು, ಆದರೆ ಎಣ್ಣೆಯ ಬಣ್ಣ ನೋಡಿ ಹೇಳುತ್ತಿದ್ದರು. ಹೇಗೋ ನಡೆದಿತ್ತು.

ಹೀಗಿರುವಾಗ ಹರಿಪುರದಿಂದ ಒಂದು ಕಾರು ಬಂತು. ಹೊಳೆ ಅಂಗಳಕ್ಕೆ ನುಗ್ಗಿದಾಗ ಗಾಲಿ ಮುಳುಗುವಷ್ಟು ನೀರಲ್ಲಿ ನಿಂತಿದ್ದ ಗಾಡಿ. ಗೇರ್ ಬದಲಾಗುವಾಗ ಒದೆಯುತ್ತಿತ್ತು. ಕಾಕಾ ಬರುವ ಮುಂಚೆಯೇ ನಾನು ಸ್ಕ್ಯಾನರ್ ಹಚ್ಚಿ ನೋಡಿದೆ. ಗೇರ್‌ಬಾಕ್ಸಿಗೆ ಹೋಗುವ ವೈರಿನಲ್ಲಿ ಕರೆಂಟು ಕಡಿಯುತ್ತಿದೆ ಎಂದು ತೋರಿಸಿತು. ಎಣ್ಣೆ ಹಳತಾಗಿ ಕಪ್ಪಗಿತ್ತು, ಅಷ್ಟೇ. ಸುಟ್ಟ ವಾಸನೆ ಇರಲಿಲ್ಲ.

ಕಾಕಾ ಬಂದು ಕಾಗದ ಮೂಸಿದರು. "ಪ್ಲೇಟ್ ಸುಟ್ಟಾವು. ಇಳಸ್ರಿ."

"ಸ್ಕ್ಯಾನರ್ ಹಚ್ಚಿ ನೋಡೂಣೇನ್ರಿ ಕಾಕಾ?"

"ಅದು ಮೂಗ ಇಲ್ಲದವರಿಗೆ ಬೇಕು." ಗಿರಾಕಿಗೂ ಮರಾಠಿಯಲ್ಲಿ ಅದನ್ನೇ ಹೇಳಿ ನಗಿಸಿದರು.

ನಾನೂ ನಕ್ಕೆ. ಆಗಲೇ ಹಚ್ಚಿ ನೋಡಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಬೇಕಂತಲೇ ಹೇಳಲಿಲ್ಲ.

ಇಳಿಸಿ ಬಿಚ್ಚಿದಾಗ ಪ್ಲೇಟುಗಳು ಸರಿಯಾಗಿಯೇ ಇದ್ದವು. ಕಾಕಾ ಅವುಗಳ ಮೇಲೆ ಹೆಬ್ಬೆರಳು ಆಡಿಸಿದರು, ಮತ್ತೆ ಆಡಿಸಿದರು. ಏನಾಯಿತೆಂದು ಗಿರಾಕಿ ಕೇಳಿದ. ಪ್ಲೇಟು ಸುಟ್ಟಿಲ್ಲ, ಸುಮ್ಮನೆ ಇಳಿಸಿದಂತಾಯಿತು ಎಂದು ನಾನೇ ಮರಾಠಿಯಲ್ಲಿ ನಿಧಾನವಾಗಿ ಬಿಡಿಸಿ ಹೇಳಿದೆ. ಆಮೇಲೆ ಕಾಕಾರ ಕಡೆ ತಿರುಗಿ, "ಕಾಯಿದೆ ನಿಮ್ಮದ ಅಲ್ರಿ?" ಅಂದೆ.

ಜೊತೆಗಾರನೊಬ್ಬ ನನ್ನ ತೋಳು ಹಿಡಿದ. "ಬಿಡೋ, ವಯಸ್ಸಾಗೇತಿ ಅವರಿಗೆ."

ನಾನು ತೋಳು ಬಿಡಿಸಿಕೊಂಡೆ. ಕಾಕಾ ಅಂಗಿ ಕಳಚಿ ಗಾಡಿಯ ಕೆಳಗೆ ಸರಿದರು.

ಎರಡು ದಿನ ಹಿಡಿಯಿತು. ಜಾಕಿನ ಮೇಲೆ ಗೇರ್‌ಬಾಕ್ಸ್ ಜಾರಿ ಅವರ ಬೆರಳು ಸಿಕ್ಕಿಕೊಂಡಿತು. ತಾವೇ ಬಿಡಿಸಿಕೊಂಡರು, ತಾವೇ ಬಟ್ಟೆ ಸುತ್ತಿಕೊಂಡರು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಹೊಟ್ಟೆ ತಣ್ಣಗಾಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿತ್ತು.

ಅವರು ಕೊನೆಯ ಬೋಲ್ಟು ಬಿಗಿದ ಮೇಲೆ ನಾನು ಬಗ್ಗಿ, ಗೇರ್‌ಬಾಕ್ಸಿಗೆ ಅವರು ನೋಡದೆಯೇ ಮತ್ತೆ ಸಿಕ್ಕಿಸಿದ್ದ ವೈರಿನ ತುದಿಯನ್ನು ಕಿತ್ತೆ. ಹೊಳೆ ನೀರು ಒಳಗೆ ಹೊಕ್ಕು ಪಿನ್ನುಗಳು ಹಸಿರು ಹಿಡಿದಿದ್ದವು. ಉಜ್ಜಿ ಮತ್ತೆ ಸಿಕ್ಕಿಸಿದೆ. ಗಾಡಿ ಒದೆಯದೆ ಹೋಯಿತು.

"ನಿನಗ ಮೊದಲ ಗೊತ್ತಿತ್ತೇನು?" ಕಾಕಾ ಕೇಳಿದರು.

"ಗೊತ್ತಿತ್ರಿ."

ಬೆರಳಿನ ಬಟ್ಟೆ ಬಿಗಿದುಕೊಳ್ಳುತ್ತ, ಮೆಲ್ಲಗೆ, "ಮೂಗಿಂದೂ?" ಅಂದರು.

"ಅದೂ."

ಅವರು ಗ್ಯಾರೇಜು ಬಿಡಲಿಲ್ಲ. ಬಿಟ್ಟು ಎಲ್ಲಿಗೆ ಹೋದಾರು. ಇವತ್ತಿಗೂ ಗಿರಾಕಿಯ ಎದುರು ಕಾಗದ ಮೂಸುತ್ತಾರೆ. ಆದರೆ ಬಾಯಿ ತೆರೆಯುವ ಮುಂಚೆ ನನ್ನ ಮುಖ ನೋಡುತ್ತಾರೆ. ಇಳಿಸಬೇಕಿದ್ದರೆ ಹೌದೆಂದು, ಇಲ್ಲದಿದ್ದರೆ ಬೇಡವೆಂದು ನಾನು ತಲೆ ಆಡಿಸುತ್ತೇನೆ. ಕೆಲವು ಸಲ, ಅವರು ಕಾಯುತ್ತಿದ್ದಾರೆಂದು ಗೊತ್ತಿದ್ದೂ, ಬೇರೆ ಕಡೆ ನೋಡುತ್ತ ನಿಲ್ಲುತ್ತೇನೆ.