ಸತ್ತೈತಿ ಎನಿಸಿಕೊಂಡ ಕಂಪ್ಯೂಟರ್

ನಿಪ್ಪಾಣಿ ಸಂತೆಯ ದಿನ ಗುಜರಿ ಸಾಲಿನ ಹಿಂದೆ ಹಳೆ ಕಂಪ್ಯೂಟರಿನ ಹುಚ್ಚಿರುವ ನಾವು ಕೆಲವರು ಸೇರುತ್ತೇವೆ. ಮಾರುತ್ತೇವೆ, ಕೊಳ್ಳುತ್ತೇವೆ, ಅದಲುಬದಲು ಮಾಡುತ್ತೇವೆ. ಅಲ್ಲಿ ಎಲ್ಲರಿಗಿಂತ ಹಿರಿಯನೊಬ್ಬನನ್ನು ನಾನು ಸ್ವಂತ ಚಿಕ್ಕಪ್ಪನಂತೆ ಕಾಕಾ ಅನ್ನುತ್ತಿದ್ದೆ. ನನಗೆ ಸ್ಕ್ರೂ ಬಿಚ್ಚಲು ಕಲಿಸಿದವನೇ ಅವನು.

ನನ್ನ ಮೊದಲ ಕಂಪ್ಯೂಟರ್ ಚಾಲೂ ಆಗದಾಗ ಕಬ್ಬೂರಿನಿಂದ ಬೈಕಿಗೆ ಕಟ್ಟಿಕೊಂಡು ಅವನ ಹತ್ತಿರ ಒಯ್ದೆ. ಬಿಚ್ಚಿ ನೋಡಿದ.

"ಸತ್ತೈತಿ ತಮ್ಮಾ. ಮನ್ಯಾಗ ಇಟ್ಟು ಪೂಜಿ ಮಾಡ್ತಿಯೇನು? ನನಗ ಬಿಡು, ಸ್ಪೇರ್ ಪಾರ್ಟ್ಸಿಗೆ ಬರ್ತೈತಿ."

ಬದಲಿಗೆ ಒಂದು ಕೀಬೋರ್ಡ್ ಕೊಟ್ಟ. ನಂಬಿ ಬಿಟ್ಟು ಬಂದೆ.

ಮುಂದಿನ ಸಂತೆಯಲ್ಲಿ ಅದೇ ಕಂಪ್ಯೂಟರ್ ಅವನ ಮೇಜಿನ ಮೇಲೆ ಓಡುತ್ತಿತ್ತು. ತಂಗಿ ಅಂಟಿಸಿದ್ದ ನವಿಲಿನ ಸ್ಟಿಕರ್ ಹಾಗೇ ಇತ್ತು. ನಾನು ಹಿಂದೆ ನಿಂತದ್ದು ಗೊತ್ತಿಲ್ಲದೆ ಗಿರಾಕಿಗೆ ಹೇಳುತ್ತಿದ್ದ:

"ಏನೂ ಕೆಟ್ಟಿರಲಿಲ್ರಿ. ಒಳಗ ರ‍್ಯಾಮಿಗೆ ಧೂಳ ಕುಂತಿತ್ತು. ಪೆನ್ಸಿಲ್ ರಬ್ಬರ್ ತಗೊಂಡು ತಿಕ್ಕಿದ್ನಿ, ಚಾಲೂ ಆತು. ನೋಡಿದ ಕೂಡ್ಲೇ ಗೊತ್ತಾಗಿತ್ತು ನನಗ."

"ಮತ್ತ ನನಗ್ಯಾಕ ಹೇಳಲಿಲ್ಲ ಕಾಕಾ?" ಎಂದೆ.

ತಿರುಗಿ ನೋಡಿ ನಕ್ಕ. "ಬೇಕಂದ್ರ ಒಯ್ಯೋ. ನಿನಗಂತ ರೇಟ್ ಕಡಿಮಿ ಮಾಡ್ತೇನಿ."

ಅವನನ್ನು ಕಾಕಾ ಎಂದು ಕರೆದದ್ದು ಅದೇ ಕೊನೆ.