ಅಪ್ಪನ ಹೆಸರಿನ ಡಬ್ಬಿ

ಸರ್ಕಾರಿ ಔಷಧಿಯ ಮೇಲೆ ನಮ್ಮ ಮನೆಯಲ್ಲಿ ಯಾರಿಗೂ ನಂಬಿಕೆ ಇರಲಿಲ್ಲ. ಒಂದು ವಾರ ಮಾತ್ರೆ ಕೊಟ್ಟರೆ ಮುಂದಿನ ವಾರ ಸ್ಟಾಕ್ ಇಲ್ಲ ಅಂತ ಕೈಚೆಲ್ಲುತ್ತಿದ್ದ ಕಾಲವನ್ನು ನೋಡಿದವರು ನಾವು. ಎರಡು ಸಾವಿರದ ಇಸವಿ ಕಳೆದ ಮೇಲೆ, ನಾನು ಪಿಯುಸಿ ಓದುವಾಗ, ಅಪ್ಪನಿಗೆ ಕ್ಷಯ ಅಂತ ಗೊತ್ತಾಯಿತು. ಆಗ ಜನ್ನಾಪುರದ ನಮ್ಮ ಅಂಗನವಾಡಿಗೆ ಒಂದು ರಟ್ಟಿನ ಡಬ್ಬಿ ಬಂತು. ಮೇಲೆ ಅಪ್ಪನ ಹೆಸರು, ಒಳಗೆ ಆರು ತಿಂಗಳ ಪೂರ್ತಿ ಮಾತ್ರೆ. ಇದನ್ನು ಬೇರೆ ಯಾರಿಗೂ ಕೊಡುವ ಹಾಗಿಲ್ಲ ಎಂದು ಅಂಗನವಾಡಿ ಟೀಚರ್ ಹೇಳಿದಾಗ ನನಗೆ ಮೈ ಜುಮ್ಮೆಂದಿತು. ಕಾರ್ಖಾನೆಗೆ ಪಾಳಿಯ ಮೇಲೆ ಹೋಗಿಬರುವ ಒಬ್ಬ ಮನುಷ್ಯನಿಗೆ ಅಂತಲೇ ಯಾರೋ ಎಲ್ಲೋ ಕುಳಿತು ಇಷ್ಟನ್ನು ಎತ್ತಿಟ್ಟಿದ್ದರು.

ಜೊತೆಗೊಂದು ವಿಚಿತ್ರ ನಿಯಮವೂ ಇತ್ತು. ಸೋಮವಾರ, ಬುಧವಾರ, ಶುಕ್ರವಾರ ಅಪ್ಪ ಟೀಚರ್ ಎದುರಿಗೇ ಮಾತ್ರೆ ನುಂಗಬೇಕು. ಮಕ್ಕಳ ಚಾಪೆಯ ಪಕ್ಕ ಕುಳಿತು ಏಳು ಮಾತ್ರೆ ನುಂಗುವ ಅಪ್ಪನನ್ನು ನೋಡಿ ನನಗೆ ನಗು ಬರುತ್ತಿತ್ತು. ಅವರಿಗೆ ಮಾತ್ರ ನಾಚಿಕೆ.

ಒಂದು ಭಾನುವಾರ ದೇವರ ಗೂಡು ಒರೆಸುತ್ತಿದ್ದೆ. ವಿಭೂತಿ ಡಬ್ಬಿಯ ಹಿಂದೆ ಒಡೆಯದ ಮೂರು ಮಾತ್ರೆ ಪಟ್ಟಿಗಳು ಸಿಕ್ಕವು. ಮೂರು ಸೋಮವಾರದವು. ನಮ್ಮದು ಶಿವಭಕ್ತರ ಮನೆ, ಸೋಮವಾರ ಸಂಜೆ ಪೂಜೆ ಆಗುವ ತನಕ ಅಪ್ಪ ನೀರನ್ನೂ ಮುಟ್ಟುತ್ತಿರಲಿಲ್ಲ. ಉಪವಾಸ ಕೆಡಿಸುವುದು ಬೇಡ ಅಂತ ಟೀಚರ್ ಆ ದಿನದ ಪಟ್ಟಿಯನ್ನು ಮನೆಗೇ ಕೊಟ್ಟುಕಳಿಸುತ್ತಿದ್ದರಂತೆ. ಸಂಜೆ ನುಂಗಿದರೆ ಪ್ರಸಾದ ವಾಂತಿಯಾದೀತು ಅಂತ ಅಪ್ಪ ನಾಳೆ ನಾಳೆ ಎನ್ನುತ್ತಾ ಇಟ್ಟುಬಿಟ್ಟಿದ್ದರು. ಹೇಗೂ ಜ್ವರ ಬಿಟ್ಟಿತ್ತಲ್ಲ.

ನಡುವೆ ಬಿಟ್ಟರೆ ಮುಂದೆ ಈ ಔಷಧಿ ನಾಟದೆ ಹೋಗಬಹುದು ಅಂತ ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನನಗೆ ಕೋಪ ಬಂತು. ಪಟ್ಟಿ ಹಿಡಿದುಕೊಂಡು ನೇರ ಟೀಚರ್ ಮನೆಗೆ ಹೋದೆ. ಅವರು ಅತ್ತರು. ಕಾರ್ಡಿನಲ್ಲಿ ಆ ಮೂರು ಸೋಮವಾರಕ್ಕೂ ನುಂಗಿದ್ದಾರೆ ಅಂತ ಗುರುತು ಹಾಕಿದ್ದರು. ಮುಚ್ಚಿಡಬಹುದಿತ್ತು. ಆದರೆ ಶಿವಮೊಗ್ಗದಿಂದ ಬೈಕಿನಲ್ಲಿ ಬರುವ ಕ್ಷಯ ಚಿಕಿತ್ಸೆಯ ಮೇಲ್ವಿಚಾರಕರ ಮುಂದೆ ಎಲ್ಲ ಒಪ್ಪಿಕೊಂಡರು.

ಅವರು ಟೀಚರ್‌ಗೆ ಬೈದ ಮೇಲೆ ಅಪ್ಪನ ಕಡೆ ತಿರುಗಿ, "ಮಂಗಳವಾರ, ಗುರುವಾರ, ಶನಿವಾರ ಆಗುತ್ತಾ ಯಜಮಾನ್ರೇ? ಅದಕ್ಕೂ ಅವಕಾಶ ಇದೆ," ಅಂದರು. ಅಷ್ಟು ದೊಡ್ಡ ದೇಶಕ್ಕೆಲ್ಲ ಮಾಡಿದ ನಿಯಮದಲ್ಲಿ ನಮ್ಮಪ್ಪನ ಸೋಮವಾರಕ್ಕೂ ಜಾಗವಿತ್ತು! ನಾನು ಬೆರಗಾಗಿ ನಿಂತುಬಿಟ್ಟೆ.

ಎರಡು ತಿಂಗಳಾದಾಗ ಮಾಡುವ ಕಫ ಪರೀಕ್ಷೆಯ ತನಕ ಯಾರಿಗೂ ನೆಮ್ಮದಿಯಿಲ್ಲ. ಫಲಿತಾಂಶ ಬಂತು, ಕ್ರಿಮಿ ಇರಲಿಲ್ಲ. ಆರು ತಿಂಗಳು ಮುಗಿದಾಗ ಡಾಕ್ಟರು ಪೂರ್ತಿ ವಾಸಿ ಅಂದರು.

ಮರುವರ್ಷ ನಮ್ಮ ಹಿಂದಿನ ಸಾಲಿನ ಮನೆಯ ಒಬ್ಬ ಕಾರ್ಮಿಕನಿಗೂ ಅದೇ ಕಾಯಿಲೆ. ಅಂಗನವಾಡಿಗೆ ಹೋಗಲು ಅವನಿಗೆ ಸಂಕೋಚ. ಟೀಚರ್ ಕೇಳಿದ್ದಕ್ಕೆ ಅಪ್ಪ ಅವನ ಡಬ್ಬಿಯನ್ನು ತಾವೇ ಇಟ್ಟುಕೊಂಡರು. ಒಂದು ಬೆಳಿಗ್ಗೆ ಆತ ಪಾಳಿಗೆ ಹೊತ್ತಾಯಿತು, ಕೊಡಿ, ಆಮೇಲೆ ಮನೆಯಲ್ಲಿ ತಗೋತೀನಿ ಅಂತ ಕೈ ಚಾಚಿದ. ಅಪ್ಪ ಲೋಟಕ್ಕೆ ನೀರು ಬಗ್ಗಿಸಿ ಅವನ ಮುಂದಿಟ್ಟರು.

"ಮನೆಗೆ ಕೊಡಲ್ಲ ಮಾರಾಯ. ಇಲ್ಲೇ ಕೂತು ನುಂಗು, ನಾನು ನೋಡ್ತೀನಿ."